ಅರವತ್ತು ಕಡಕ್ ರೊಟ್ಟಿ ಕಟ್ಕೊಳ್ಳೋಕಿಂತ ಮೊದ್ಲು: ಶ್ರೀಲಂಕಾದಾಗ ಊಟ ಹೆಂಗ್ರಿ?

ಪ್ರಶ್ನೆ: ನಾವು ಸಿಂಧನೂರಿನವ್ರು ಸರ್. ಡಿಸೆಂಬರ್ ಕೊನೀ ವಾರ ಆರು ದಿನ ಶ್ರೀಲಂಕಾ ಟೂರ್ ಬುಕ್ ಮಾಡೀವಿ, ಕೊಲಂಬೊ, ಕ್ಯಾಂಡಿ, ಎಲ್ಲ ಅನ್ನೋ ಊರು, ಆಮ್ಯಾಲ ಮಿರಿಸ್ಸ ಬೀಚು. ನಾನು, ಯಜಮಾನ್ರು, ಅತ್ತಿ, ಐದು ವರ್ಷದ ಮಗ. ಅತ್ತಿ ಪಕ್ಕಾ ವೆಜ್, ತತ್ತಿನೂ ಮುಟ್ಟಂಗಿಲ್ಲ. ನಾನೂ ವೆಜ್. ಯಜಮಾನ್ರು ಹೊರಗ ಎಲ್ಲಾ ತಿಂತಾರ (ಅತ್ತಿಗೆ ಗೊತ್ತದ, ಗೊತ್ತಿಲ್ದಂಗ ಇರ್ತಾರ). ಪ್ಯಾಕೇಜ್‌ನಾಗ ರಾತ್ರಿ ಇಂಡಿಯನ್ ಬಫೆ ಅಂದಾರ, ಯಜಮಾನ್ರು ಅದೂ ನಂಬದೆ ಅರವತ್ತು ಕಡಕ್ ರೊಟ್ಟಿ ಕಟ್ಕೋ ಅಂತಾರ. ನಂಗ ಅಲ್ಲೀ ಊಟಾನೇ ಮಾಡ್ಬೇಕಂತ ಆಸೆ ಅದ. ಹೊಟ್ಟಿ ಕೆಡ್ತದೇನು, ವೆಜ್ ಸಿಗ್ತದೇನು, ಏನು ಬಿಡಬಾರ್ದು ಹೇಳ್ರಿ.

ಉತ್ತರ: ಅಕ್ಕಾರ, ಅರವತ್ತು ರೊಟ್ಟಿ ಅಂದ್ಕೂಡ್ಲೇ ನಗು ಬಂತ್ರಿ, ಯಾಕಂದ್ರ ನಮ್ಮ ಗಂಗಾವತಿ ಮಂದೀನೂ ಹಂಗ, ಧರ್ಮಸ್ಥಳಕ್ಕ ಹೋದ್ರೂ ರೊಟ್ಟಿ ಗಂಟು ಬಿಡಂಗಿಲ್ಲ, ಅಲ್ಲೆ ಪುಕ್ಕಟೆ ಊಟ ಹಾಕ್ತಾರ ಅಂತ ಗೊತ್ತಿದ್ರೂ. ನಾನು ಇಪ್ಪತ್ತು ವರ್ಷ ಮದುವಿ ಅಡಿಗಿ ಕಾಂಟ್ರಾಕ್ಟ್ ಮಾಡ್ದಾವ, ಆಮ್ಯಾಲ ಟೂರ್ ಗುಂಪಿನ ಜೋಡಿ ಅಡಿಗಿಯವ ಆಗಿ ಹೋಗಿ ಹೋಗಿ ಈಗ ನಾನೇ ಗುಂಪು ಕರ್ಕೊಂಡು ಹೋಗ್ತೀನಿ, ಶ್ರೀಲಂಕಾಕ್ಕ ಒಂಬತ್ತು ಸಲ ಆಗೈತಿ. ರೊಟ್ಟಿ ವಿಷಯ ಕೊನಿಗಿ ಹೇಳ್ತೀನಿ, ಮೊದ್ಲು ಮುಖ್ಯದ್ದು.

ಅಲ್ಲೀ ಊಟಕ್ಕ ಒಂದು ಗಡಿಯಾರ ಐತ್ರಿ. ನಮ್ಮಲ್ಲೆ ಮುಂಜಾನಿ ಏಳೂವರಿಗಿ ಒಗ್ಗರಣಿ ಮಿರ್ಚಿ ಬಂಡಿ ಮುಂದ ನಿಂತ್ರ ಕೈ ಸುಡೋವಂಥ ಮಿರ್ಚಿ ಸಿಗ್ತಾವು, ಅದೇ ಬಂಡಿಗಿ ಮಧ್ಯಾಹ್ನ ಮೂರಕ್ಕ ಹೋದ್ರ ಎಣ್ಣಿ ಕುಡಿದು ಮಲ್ಕೊಂಡಿರ್ತಾವು. ಅಲ್ಲೂ ಹಂಗ. ಮುಂಜಾನಿ ಇಂಡಿಯಪ್ಪ ಅಂದ್ರ ನಮ್ಮ ಶಾವಿಗಿ, ಪೊಲ್ ರೊಟ್ಟಿ ಅಂದ್ರ ಕಾಯಿತುರಿ ಹಾಕಿದ ರೊಟ್ಟಿ, ಕಿರಿಬತ್ ಅಂದ್ರ ತೆಂಗಿನಹಾಲಿನಾಗ ಬೇಯಿಸಿದ ಅನ್ನ. ಮಧ್ಯಾಹ್ನ ಹನ್ನೆರಡರಿಂದ ಎರಡರ ಒಳಗ ಅನ್ನ ಮತ್ತ ನಾಕೈದು ಥರ ಪಲ್ಯ-ಸಾರು, ಅದಕ್ಕ ಅಲ್ಲೆ ರೈಸ್ ಅಂಡ್ ಕರಿ ಅಂತಾರ, ಅದೇ ದೊಡ್ಡ ಊಟ, ಮನಿಯಾಗೂ ಅಂಗಡಿಯಾಗೂ ಮುಂಜಾನಿ ಮಾಡಿ ಮಧ್ಯಾಹ್ನ ಖಾಲಿ ಮಾಡ್ತಾರ. ಸಂಜಿ ಆರರ ಮ್ಯಾಲ ಹಂಚು ಕಾಯಿಸಿ ಅಪ್ಪ (ಬಟ್ಟಲಿನಂಥ ದೋಸಿ), ಕೊತ್ತು ರೊಟ್ಟಿ (ಕೊಚ್ಚಿದ ರೊಟ್ಟಿ), ಎಲ್ಲಾ ನಿಮ್ಮ ಕಣ್ಣು ಮುಂದ. ಈಗ ಟೂರ್‌ನವ್ರು ಏನ್ಮಾಡ್ತಾರ ಅಂದ್ರ ಮಧ್ಯಾಹ್ನ ಹೈವೇ ಮ್ಯಾಲ ಬಸ್ಸು ನಿಲ್ಲೋ ದೊಡ್ಡ ಹೋಟೆಲ್‌ಗೆ ಒಯ್ದು ಖಾರ ತೆಗೆದ ಬಫೆ ತಿನ್ನಿಸ್ತಾರ, ರಾತ್ರಿ ಹೋಟೆಲ್ ರೂಮಿನ ಕೆಳಗ ಪನೀರ್ ಬಟರ್ ಮಸಾಲಾ ತಿನ್ನಿಸ್ತಾರ, ಆರು ದಿನ ಆದ್ಮ್ಯಾಲ ನೀವು ಸಿಂಧನೂರಿಗಿ ಬಂದು ಶ್ರೀಲಂಕಾ ಊಟ ಸಪ್ಪ ಅಂತ ಹೇಳ್ತೀರಿ. ಆ ಊಟ ನೀವು ತಿಂದೇ ಇರಂಗಿಲ್ಲ.

ಅದಕ್ಕ ಪ್ಯಾಕೇಜ್‌ನವ್ರಿಗಿ ಈಗ್ಲೇ ಹೇಳ್ರಿ, ರಾತ್ರಿ ಬಫೆ ಮೂರು ದಿನ ಸಾಕು, ಮಧ್ಯಾಹ್ನದ ಊಟ ನಮ್ದು ನಾವು ನೋಡ್ಕೋತೀವಿ ಅಂತ. ಡ್ರೈವರ್‌ಗೆ ಮೊದಲನೇ ದಿನಾನೇ ಕೇಳ್ರಿ, "ನೀ ಎಲ್ಲಿ ಉಣ್ತೀಯಪ್ಪ, ನಮ್ಮನ್ನೂ ಅಲ್ಲೇ ಒಯ್ಯಿ" ಅಂತ. ಮೊದ್ಲು ಬ್ಯಾಡ ಮೇಡಂ ನಿಮ್ಗ ಆಗಂಗಿಲ್ಲ ಅಂತಾನ. ಕೆಲವು ಕಡಿ ದೊಡ್ಡ ಹೋಟೆಲ್‌ನವ್ರು ಅವ್ನಿಗಿ ಪುಕ್ಕಟೆ ಊಟ, ಕಮಿಷನ್ ಕೊಡ್ತಾರ, ಅದೂ ಒಂದು ಕಾರಣ, ಅವ್ನ ತಪ್ಪಲ್ಲ. ಎರಡು ಸಲ ಹೇಳಿದ್ರ ಖುಷಿಲೇ ಒಯ್ತಾನ.

ಈಗ ನಿಮ್ಮ ಅತ್ತಿಯವ್ರ ಮಾತು. ಇಲ್ಲೆ ನನ್ನ ಸ್ವಂತ ತಪ್ಪು ಒಂದು ಹೇಳ್ಬೇಕು. ಮೊದಲನೇ ಸಲ ಗುಂಪು ಕರ್ಕೊಂಡು ಹೋದಾಗ ಒಬ್ರು ಹಿರಿಯರಿದ್ರು, ದಿನಾ ಸ್ನಾನ ಪೂಜೆ ಆಗೋವರ್ಗೂ ನೀರೂ ಕುಡೀದವ್ರು. ಅವ್ರಿಗಿ ಪೊಲ್ ಸಂಬೋಲ ಅಂದ್ರ ಭಾಳ ಸೇರ್ತು. ಹಸಿ ತೆಂಗಿನಕಾಯಿ ತುರಿ, ಕೆಂಪು ಖಾರ, ಉಳ್ಳಾಗಡ್ಡಿ, ಲಿಂಬಿಹಣ್ಣು, ಥೇಟ್ ನಮ್ಮ ಚಟ್ನಿ ಇದ್ದಂಗ. ಮೂರು ದಿನ ಎರಡೂ ಹೊತ್ತು ಬಾರಿಸಿದ್ರು. ನಾನೂ ಅಡಿಗಿಯವ, ಬಾಯಿಗಿ ಏನೋ ಹೊಗಿ ವಾಸ್ನಿ ಹತ್ತಿತ್ತು, ಒಲಿ ಹೊಗಿ ಇರ್ಬೇಕು ಅನ್ಕೊಂಡು ಸುಮ್ನಾದೆ, ಕೇಳ್ಲೇ ಇಲ್ಲ. ನಾಕನೇ ದಿನ ಒಂದು ಅಡಿಗಿ ಮನಿ ಒಳಗ ಹೋಗಿ ನೋಡಿದ್ರ ಒರಳಿನಾಗ ಕಟ್ಟಿಗಿ ತುಂಡಿನಂಥದ್ದು ಕುಟ್ಟಾಕತ್ತಾರ. ಏನ್ರಿ ಇದು ಅಂದ್ರ ಉಂಬಲಕಡ ಅಂದ್ರು. ಸೂರೆ ಮೀನು, ಅಂದ್ರ ಟ್ಯೂನಾ, ಬೇಯಿಸಿ, ಹೊಗಿ ಹಿಡಿಸಿ, ಕಟ್ಟಿಗಿ ಆಗೋವರ್ಗೂ ಬಿಸಿಲಿಗಿ ಒಣಗಿಸಿದ್ದು, ಮೂಲ ಮಾಲ್ಡೀವ್ಸ್ ದ್ವೀಪದ್ದು. ಆ ಹಿರಿಯರಿಗಿ ಹೇಳಿದೆ, ಹೇಳ್ದೆ ಇರಾಕ ಆಗ್ಲಿಲ್ಲ. ಊರಿಗಿ ಬರೋವರ್ಗೂ ನನ್ನ ಜೋಡಿ ಮಾತಾಡ್ಲಿಲ್ಲ ಅವ್ರು.

ಹಂಗಾಗಿ ತಿಳ್ಕೊಳ್ರಿ, ಅಲ್ಲೆ ವೆಜ್ ಸಿಗಂಗಿಲ್ಲ ಅನ್ನೋದು ಸುಳ್ಳು, ಸಿಕ್ಕಾಪಟ್ಟಿ ಸಿಗ್ತೈತಿ, ಆದ್ರ ಈ ಉಂಬಲಕಡ ಎಲ್ಲೆಲ್ಲೆ ಅಡಗಿ ಕುಂತೈತಿ ಅನ್ನೋದು ಗೊತ್ತಿರ್ಬೇಕು. ಪೊಲ್ ಸಂಬೋಲ, ಉಳ್ಳಾಗಡ್ಡಿ ಸಕ್ರಿ ಹಾಕಿ ಹುರಿದ ಸೀನಿ ಸಂಬೋಲ, ಕಿರಿಬತ್ ಜೋಡಿ ಕೊಡೋ ಲುಣು ಮಿರಿಸ್ ಅನ್ನೋ ಖಾರ, ಸೊಪ್ಪಿಗಿ ಕಾಯಿತುರಿ ಕಲಸಿದ ಮಲ್ಲುಂಗ, ಎಳೀ ಹಲಸಿನ ಪಲ್ಯ, ಒಮ್ಮೊಮ್ಮೆ ಬ್ಯಾಳಿ ಒಗ್ಗರಣಿಯಾಗೂ. ಅವ್ರ ಲೆಕ್ಕದಾಗ ಅದು ಮೀನಲ್ಲ, ಮಸಾಲಿ. ನೀವು ವೆಜ್ಜಾ ಅಂತ ಕೇಳಿದ್ರ ಹೌದು ವೆಜ್ಜು ಅಂತಾನೇ ಹೇಳ್ತಾರ, ಮೋಸ ಮಾಡ್ಬೇಕಂತ ಅಲ್ಲ. ಹೆಸ್ರು ಹಿಡಿದು ಕೇಳ್ಬೇಕು. ಸಿಂಹಳದಾಗ ಬ್ಯಾಡ ಅನ್ನಾಕ 'ಎಪಾ' ಅಂತಾರ. ಮಾಳು ಎಪಾ ಅಂದ್ರ ಮೀನು ಬ್ಯಾಡ, ಮಸ್ ಎಪಾ ಅಂದ್ರ ಮಾಂಸ ಬ್ಯಾಡ, ಬಿತ್ತರ ಎಪಾ ಅಂದ್ರ ತತ್ತಿ ಬ್ಯಾಡ, ಕೊನಿಗಿ ಉಂಬಲಕಡ ಎಪಾ. ನಿಮ್ಮ ಮಗನಿಗಿ ಕಲಸ್ರಿ, ಹುಡುಗ್ರು ಹೇಳಿದ್ರ ಅಂಗಡಿಯವ್ರು ನಕ್ಕೊಂತ ಬ್ಯಾರೆ ಸಂಬೋಲ ಕಲಸಿ ಕೊಡ್ತಾರ, ಎರಡು ನಿಮಿಷದ ಕೆಲಸ ಅದು. ಊಟ ಆದ್ಮ್ಯಾಲ 'ಹರಿ ರಸಯಿ' ಅನ್ರಿ, ಭಾಳ ರುಚಿ ಅಂತ ಅರ್ಥ, ಮತ್ತ 'ಸ್ತುತಿ' ಅನ್ರಿ, ಥ್ಯಾಂಕ್ಸ್‌ಗೆ ಅವ್ರು ಅದನ್ನೇ ಅಂತಾರ, ನಮ್ಗ ದೇವ್ರ ಸ್ತುತಿ ಮಾಡ್ದಂಗ ಕೇಳ್ತೈತಿ.

ಆದ್ರ ಅತ್ತಿಯವ್ರು ಅದೇ ಸೌಟು, ಅದೇ ಬೋಗಾಣಿ ಅಂತ ಅನುಮಾನ ಪಡೋರಾದ್ರ ಸುಮ್ನ ಸೈವ ಕಡೆ ಹುಡುಕ್ರಿ. ಕಡೆ ಅಂದ್ರ ಅಂಗಡಿ, ಸೈವ ಅಂದ್ರ ತಮಿಳಿನಾಗ ಶುದ್ಧ ಸಸ್ಯಾಹಾರ, ಮೂಲ ನಮ್ಮ ಶೈವಾನೇ. ಬೋರ್ಡ್ ಮ್ಯಾಲ ಶೈವ ಅಂತ ಐತಿ ಅಂದ್ರ ಅತ್ತಿಯವ್ರು ತಾವೇ ಮೊದ್ಲು ಒಳಗ ಹೋಗ್ತಾರ ನೋಡ್ರಿ. ಕೊಲಂಬೊದಾಗ ವೆಳ್ಳವತ್ತೆ ಅನ್ನೋ ಏರಿಯಾ ತಮಿಳು ಮಂದಿದು, ಅಲ್ಲೆ ಭಾಳ ಅದಾವು, ಕ್ಯಾಂಡಿ ಪೇಟಿಯಾಗೂ ಸಿಗ್ತಾವು. ಇಡ್ಲಿ ದೋಸಿನೂ ಇರ್ತಾವು, ಆದ್ರ ಅದಕ್ಕಂತ ಅಷ್ಟು ದೂರ ಯಾಕ ಹೋಗ್ಬೇಕು, ಅಲ್ಲೇ ಅಪ್ಪ, ಇಂಡಿಯಪ್ಪ, ಸೊದಿ ಅನ್ನೋ ತೆಂಗಿನಹಾಲಿನ ತೆಳ್ಳನ ಹಳದಿ ಸಾರು ಕೇಳ್ರಿ.

ಇನ್ನ ಮಧ್ಯಾಹ್ನದ ಊಟ. ಇಲ್ಲೆ ನಾ ಸ್ವಲ್ಪ ಜಾಸ್ತಿ ಮಾತಾಡ್ತೀನಿ, ನನ್ನ ಕಸಬು ಅದು. ಅನ್ನಕ್ಕ ಅವ್ರು ಬತ್ ಅಂತಾರ. ನೀವು ಸೋನಾ ಮಸೂರಿ ಬೆಳಿಯೋ ಊರಿನವ್ರು, ಅಲ್ಲೀ ಕೆಂಪು ಅಕ್ಕಿ ಅನ್ನ ನೋಡಿ ಮೊದಲನೇ ತುತ್ತಿಗಿ ಮುಖ ಸಣ್ಣ ಮಾಡ್ತೀರಿ, ದಪ್ಪ, ಅಗಿಬೇಕು, ಜಾರಂಗಿಲ್ಲ. ಸಂಬಾ ಅಂತ ಇನ್ನೊಂದು ಬಿಳೀದು, ಸಣ್ಣ ದುಂಡನೆ ಕಾಳು, ಅದಕ್ಕ ಒಂದು ವಾಸ್ನಿ, ಕೆಲವ್ರಿಗಿ ಸೇರಂಗಿಲ್ಲ. ನೀವು ಕೆಂಪಕ್ಕೀನೇ ತಗೊಳ್ರಿ, ಎರಡನೇ ದಿನಕ್ಕ ಹೊಂದ್ಕೋತೀರಿ, ಯಾಕಂದ್ರ ಅಲ್ಲೀ ಪಲ್ಯದ ತೆಂಗಿನಹಾಲು ಕುಡಿಯಾಕ ಆ ಅಕ್ಕೀನೇ ಬೇಕು, ನಮ್ಮ ಸೋನಾ ಹಾಕಿದ್ರ ಗಂಜಿ ಆಕ್ಕೈತಿ. ಒಂದು ಕಾಯಿಗಿ ಎರಡು ಹಾಲು ತೆಗೀತಾರ. ಮೊದಲ್ನೇದು ಗಟ್ಟಿ, ಮಿಟಿಕಿರಿ ಅಂತಾರ, ಆಮ್ಯಾಲ ನೀರು ಹಾಕಿ ಮತ್ತ ಹಿಂಡಿದ್ದು ದಿಯಕಿರಿ. ಕಾಯಿಪಲ್ಲೆ ಬೇಯೋದು ತೆಳ್ಳನ ಹಾಲಿನಾಗ, ಗಟ್ಟಿ ಹಾಲು ಒಲಿ ಇಳಿಸೋ ಮೊದ್ಲು ಹಾಕಿ ಒಂದು ಕುದಿ ಬರೋದ್ರೊಳಗ ತೆಗೀತಾರ, ಇಲ್ಲಂದ್ರ ಒಡೀತೈತಿ. ನಾ ಗಂಗಾವತಿಯಾಗ ಮಾಡಾಕ ಹೋಗಿ ಮೂರು ಸಲ ಒಡಿಸೀನಿ. ಮಸಾಲಿ ಪುಡಿನೂ ಎರಡು ಥರ, ಹಸೀದು ತರಕಾರಿಗಿ, ಕರ್ರಗ ಹುರಿದದ್ದು ಹೆಚ್ಚಾಗಿ ಮೀನು ಮಾಂಸಕ್ಕ. ಕರಿಬೇವು ಜೋಡಿ ರಂಪೆ ಅಂತ ಒಂದು ಉದ್ದನ ಎಲಿ ಹಾಕ್ತಾರ, ಬಾಸುಮತಿ ವಾಸ್ನಿ ಬರ್ತೈತಿ ಅದಕ್ಕ.

ತಾಟಿನಾಗ ಬ್ಯಾಳಿ (ಪರಿಪ್ಪು ಅಂತಾರ, ಕೆಂಪು ಮಸೂರ್ ಬ್ಯಾಳಿ ತೆಂಗಿನಹಾಲಿನಾಗ), ಒಂದು ಬೀಟ್ರೂಟ್ ಇಲ್ಲಾ ಬೀನ್ಸ್, ಒಂದು ಸೊಪ್ಪು, ಹಪ್ಪಳ ಇರ್ತಾವು. ಬದನಿಕಾಯಿ ಕರಿದು ಹುಳಿ-ಸಿಹಿ ಮಾಡಿದ ಮೋಜು ಅಂತ ಒಂದು ಐತಿ, ನಮ್ಮ ಎಣ್ಣಿಗಾಯಿ ತಿನ್ನೋ ಮಂದಿಗಿ ಅದು ಬಿಟ್ಟು ಏಳಾಕ ಮನಸ್ಸಾಗಂಗಿಲ್ಲ. ಗೋಡಂಬಿ ಪಲ್ಯ ಸಿಕ್ರ ಬಿಡಬ್ಯಾಡ್ರಿ, ಹಸಿ ಗೋಡಂಬಿನ ಕಾಳು ಪಲ್ಯದಂಗ ಮಾಡ್ತಾರ. ಮತ್ತ ಪೊಲೊಸ್, ಎಳೀ ಹಲಸಿನಕಾಯಿದು, ಕಂದು ಬಣ್ಣ ಬರೋವರ್ಗೂ ಸಣ್ಣ ಉರಿ ಮ್ಯಾಲ ಬೇಯಿಸಿದ್ದು. ನಿಮ್ಮ ಅತ್ತಿಯವ್ರು ಒಂದು ತುಂಡು ಬಾಯಿಗಿ ಇಟ್ಟು ಇದು ಮಾಂಸ ಅಂತ ಉಗುಳಬಹುದು, ಅಷ್ಟು ಹಂಗೇ ಇರ್ತೈತಿ, ಮೊದ್ಲೇ ಹೇಳಿ ಇಡ್ರಿ. ಸೊಪ್ಪಿನಾಗ ಗೊಟುಕೊಳ ಅಂದ್ರ ನಮ್ಮ ಒಂದೆಲಗ, ಸಣ್ಣಗ ಹೆಚ್ಚಿ ಹಸೀದೇ ಕಾಯಿತುರಿ ಕಲಸಿ ಕೊಡ್ತಾರ. ಭಾಳ ಚಲೋ, ಆದ್ರ ಹಸಿ ಸೊಪ್ಪು ಯಾವ ನೀರಿನಾಗ ತೊಳ್ದಾರೋ ಏನೋ, ಮಗನಿಗಿ ಬ್ಯಾಡ. ಕೈಲೇ ಕಲಸಿ ಉಣ್ರಿ, ಅಲ್ಲೆ ಎಲ್ಲಾರೂ ಕೈಲೇ ಉಣ್ತಾರ, ಚಮಚ ಕೇಳಿದ್ರ ಟೂರಿಸ್ಟ್ ಅಂತ ಪಕ್ಕಾ ಆಗಿಬಿಡ್ತೈತಿ.

ಖಾರದ ಬಗ್ಗೆ ಹೆದ್ರಿಕಿ ಬ್ಯಾಡ. ಹೋಟೆಲ್‌ನವ್ರು ಭಾರಿ ಸ್ಪೈಸಿ ಅಂತ ಎಚ್ಚರ್ಸೋದು ಫಾರಿನ್ ಮಂದಿಗಿ, ಹಸಿ ಖಾರ ಚಟ್ನಿ ರೊಟ್ಟಿಗಿ ಹಚ್ಕೊಂಡು ತಿನ್ನೋ ರಾಯಚೂರು ಜಿಲ್ಲೆಯವ್ರಿಗಲ್ಲ. ಮಗನಿಗಿ ಇಂಡಿಯಪ್ಪ ಮತ್ತ ಕಿರಿ ಹೊದಿ, ಖಾರ ಇಲ್ದ ತೆಂಗಿನಹಾಲು ಸಾರು, ಇಲ್ಲಂದ್ರ ಪರಿಪ್ಪು ಅನ್ನ. ಬರೀ ಅಪ್ಪ ಅಂತೂ ಹುಡುಗ್ರಿಗಿ ಆಟದ ಸಾಮಾನಿದ್ದಂಗ, ಬಟ್ಟಲಿನಂಗ ಇರ್ತೈತಿ, ಅಂಚು ಗರಿಗರಿ, ನಡು ಮೆತ್ತಗ, ಮೊದ್ಲು ಅಂಚು ಮುರ್ಕೊಂಡು ತಿಂತಾವು. ಬಿತ್ತರ ಅಪ್ಪ ಅಂದ್ರ ನಡುವ ತತ್ತಿ ಒಡೆದು ಹಾಕಿದ್ದು, ಅದೇ ಹಂಚಿನಾಗ ಮಾಡ್ತಾರ, ಅತ್ತಿಯವ್ರಿಗಿ ಅಪ್ಪ ಬೇಕಂದ್ರ ಸೈವ ಕಡೆಯಾಗೇ ತಿನ್ನಿಸ್ರಿ. ಕೊತ್ತು ರೊಟ್ಟಿ ಅಂತ ಕಬ್ಬಿಣದ ಎರಡು ಪಟ್ಟಿ ಹಿಡ್ಕೊಂಡು ಹಂಚಿನ ಮ್ಯಾಲ ಟಕಟಕ ಟಕಟಕ ಕೊಚ್ತಾರ, ಒಂದು ಫರ್ಲಾಂಗಿಗಿ ಕೇಳ್ಸತೈತಿ. ನಿಮ್ಗ ವೆಜಿಟೆಬಲ್ ಕೊತ್ತು, ಬಿತ್ತರ ಎಪಾ ಅಂತ ಬಾಯಿ ಬಿಟ್ಟು ಹೇಳ್ರಿ, ಹೇಳ್ದಿದ್ರ ವೆಜ್ಜಿಗೂ ತತ್ತಿ ಬೀಳ್ತೈತಿ. ವಟಲಪ್ಪನ್ ಅಂತ ಬೆಲ್ಲದ ಸಿಹಿ ಕೊಡ್ತಾರ, ನೋಡಾಕ ನಮ್ಮ ಗಿಣ್ಣ ಇದ್ದಂಗ, ಅದ್ರಾಗೂ ತತ್ತಿ ಐತಿ. ಕೊಲಂಬೊ ಗಾಲ್ ಫೇಸ್ ಬಯಲಿನಾಗ ಸಂಜಿ ವಡಿ ಮಾರ್ತಾರ, ಬ್ಯಾಳಿ ವಡಿ ಮ್ಯಾಲ ಸೀಗಡಿ ಕುಂದ್ರಿಸಿದ್ದು ಇಸ್ಸೊ ವಡೆ. ಬರೀ ಬ್ಯಾಳಿ ವಡೀನೂ ಇರ್ತೈತಿ, ಆದ್ರ ಎಣ್ಣಿ ಒಂದೇ.

ನಿಮ್ಮ ಯಜಮಾನ್ರಿಗಿ ಮಿರಿಸ್ಸ ಕಡಿ ಹಬ್ಬ. ಡಿಸೆಂಬರ್‌ನಾಗ ದಕ್ಷಿಣ ದಂಡಿ ಸಮುದ್ರ ಶಾಂತ ಇರ್ತೈತಿ, ಮೀನು ಚಲೋ ಬರ್ತೈತಿ. ತುಂಗಭದ್ರಾ ಡ್ಯಾಮಿನ ಮೀನು ತಿಂದು ಬೆಳೆದವ್ರಿಗಿ ಸಮುದ್ರದ ಮೀನು ಮುಳ್ಳು ಕಡಿಮಿ, ಆರಾಮ ಅನ್ನಿಸ್ತೈತಿ. ಅಂಬುಲ್ ತಿಯಲ್ ಕೇಳಾಕ ಹೇಳ್ರಿ, ಸೂರೆ ಮೀನಿನ ಒಣ ಹುಳಿ, ಗೊರಕ ಅನ್ನೋ ಕರೀ ಹುಳಿ ಹಾಕ್ತಾರ, ನಮ್ಮ ಮಲೆನಾಡಿನ ಉಪ್ಪಾಗೆನೇ ಅದು. ಒಂದೇ ಎಚ್ಚರಿಕಿ, ಸೂರೆ ಜಾತಿ ಮೀನು ಹಿಡಿದ್ಮ್ಯಾಲ ಐಸ್‌ನಾಗ ಇಡ್ದಿದ್ರ ಹಿಸ್ಟಮಿನ್ ಅನ್ನೋದು ಹುಟ್ಟತೈತಿ, ಎಷ್ಟು ಬೇಯಿಸಿದ್ರೂ ಅದು ಹೋಗಂಗಿಲ್ಲ. ತಿಂದ ಸ್ವಲ್ಪ ಹೊತ್ತಿಗೇ ಮುಖ ಕೆಂಪಾಗಿ ತಲಿ ನೋವು, ಮೈ ತುರಿಕಿ ಬರ್ತೈತಿ. ಹಂಗಾಗಿ ದಂಡಿ ಮ್ಯಾಲ ಟೇಬಲ್ಲಿಗಿ ಮೀನು ಹರಡಿ ಆರಿಸ್ಕೊಳ್ರಿ ಅನ್ನೋ ಕಡಿ, ಮೀನು ಐಸ್ ಮ್ಯಾಲ ಐತೋ ಬರೀ ತೋರ್ಸಾಕ ಇಟ್ಟಾರೋ ನೋಡಿ ತಗೋಬೇಕು, ನಾಲಿಗಿಗಿ ಮೆಣಸು ಚುಚ್ಚಿದಂಗ ಅನ್ನಿಸಿದ್ರ ಅಲ್ಲೇ ಬಿಡಬೇಕು. ಬೀಚಿನಾಗ ಬಿಯರ್ ಕುಡೀಬೇಕು ಅಂತ ಪ್ಲಾನ್ ಇದ್ರ ಹುಣ್ಣಿಮಿ ಯಾವತ್ತು ಅಂತ ಕ್ಯಾಲೆಂಡರ್ ನೋಡಾಕ ಹೇಳ್ರಿ, ಅಲ್ಲೆ ಪ್ರತಿ ಹುಣ್ಣಿಮಿ ಪೋಯ ಅಂತ ಸರ್ಕಾರಿ ರಜಾ, ಅವತ್ತು ಎಣ್ಣಿ ಅಂಗಡಿ ಬಂದ್.

ಹೊಟ್ಟಿ ಕೆಡ್ತದೇನು ಅಂದ್ರಿ. ನನ್ನ ಗುಂಪಿನಾಗ ಹೊಟ್ಟಿ ಕೆಟ್ಟದ್ದು ಹೆಚ್ಚಾಗಿ ಬೀದಿ ಅಂಗಡಿಯಿಂದ ಅಲ್ಲ, ಬಫೆಯಿಂದ ಮತ್ತ ಕಟ್ಟಿಸ್ಕೊಂಡ ಪೊಟ್ಟಣದಿಂದ. ಅಲ್ಲೆ ಬತ್ ಪ್ಯಾಕೆಟ್ ಅಂತ ಅನ್ನ ಪಲ್ಯ ಸುತ್ತಿ ಕೊಡ್ತಾರ, ಅಗ್ಗ, ರುಚಿ. ಹನ್ನೆರಡಕ್ಕ ತಗೊಂಡು ಅಲ್ಲೇ ಉಂಡ್ರ ಅಮೃತ. ಆಮ್ಯಾಲ ನೋಡೋಣ ಅಂತ ಕಾರಿನಾಗ ಇಟ್ಟು ನಾಕಕ್ಕ ಬಿಚ್ಚಿದ್ರ ಕಥಿ ಮುಗೀತು. ಬೇಯಿಸಿದ ಅನ್ನದಾಗ ಉಳ್ಕೊಳ್ಳೋ ಒಂದು ಬ್ಯಾಕ್ಟೀರಿಯಾ ಐತಿ, ಬೆಚ್ಚಗಿಟ್ಟಷ್ಟು ಹೊತ್ತು ಅದು ವಿಷ ಮಾಡ್ತೈತಿ, ಮತ್ತ ಬಿಸಿ ಮಾಡಿದ್ರೂ ಆ ವಿಷ ಸಾಯಂಗಿಲ್ಲ. ಜೊತಿಗಿ ಹಸಿ ಕಾಯಿ, ಕಾಯಿಹಾಲು ಬಿಸಿಲಿಗಿ ಬೇಗ ಹಳಸತಾವು, ಅದು ನಿಮ್ಗೂ ಗೊತ್ತು. ಮದುವಿ ಅಡಿಗಿಯಾಗ ನಾನು ಇಟ್ಕೊಂಡಿದ್ದ ಲೆಕ್ಕ ಹೇಳ್ತೀನಿ, ಬೇಯಿಸಿದ್ದು ಹೊರಗ 2 ತಾಸು, 32 ಡಿಗ್ರಿ ಮ್ಯಾಲಿನ ಬಿಸಿಲಿದ್ರ 1 ತಾಸು, ಅದ್ರ ಮ್ಯಾಲ ದನಕ್ಕೂ ಹಾಕಂಗಿಲ್ಲ. ಬಫೆಯಾಗ ಬೋಗಾಣಿ ಕೆಳಗ ಉರಿ ಐತೋ ಆರೈತೋ ಬಗ್ಗಿ ನೋಡ್ರಿ, ನಾಚ್ಕೋಬ್ಯಾಡ್ರಿ. ನೀರು ಸೀಲ್ ಬಾಟಲಿದು, ಹಲ್ಲು ತಿಕ್ಕಾಕೂ ಮಗನಿಗಿ ಅದೇ. ಜ್ಯೂಸಿಗಿ ಐಸ್ ಬ್ಯಾಡ ಅನ್ರಿ. ಬಾಯಾರಿದ್ರ ತಂಬಿಲಿ ಕುಡೀರಿ, ಕಿತ್ತಳಿ ಬಣ್ಣದ ಎಳನೀರು, ಕೆತ್ತಿ ಕೈಗಿ ಕೊಡ್ತಾರ, ಅದಕ್ಕಿಂತ ಸ್ವಚ್ಛ ಮತ್ತೇನಿಲ್ಲ.

ಮೊದಲನೇ ಎರಡು ದಿನ ಹೊಟ್ಟಿ ಸ್ವಲ್ಪ ಸಡ್ಲ ಆದ್ರ ಗಾಬ್ರಿ ಆಗಬ್ಯಾಡ್ರಿ, ಜೋಳದ ರೊಟ್ಟಿ ತಿಂದ ಹೊಟ್ಟಿಗಿ ಒಮ್ಮೆಲೇ ಅಷ್ಟು ತೆಂಗಿನಹಾಲು ಹೋದ್ರ ಹಂಗ ಆಗಬಹುದು, ಮೊದಲ ದಿನ ಒಂದೇ ಹೊತ್ತು ತೆಂಗಿನಹಾಲಿಂದು ತಿನ್ರಿ. ಓಆರ್‌ಎಸ್ ಪೊಟ್ಟಣ ಇಲ್ಲಿಂದಾನೇ ಒಯ್ರಿ. ತೀರಿದ್ರ 1 ಲೀಟರ್ ಕುಡಿಯೋ ನೀರಿಗಿ ಸಮ ಮಾಡಿದ 6 ಟೀ ಚಮಚ ಸಕ್ರಿ, ಅರ್ಧ ಟೀ ಚಮಚ ಉಪ್ಪು, ಉಪ್ಪು ಜಾಸ್ತಿ ಆಗಬಾರ್ದು. ಜ್ವರ ಬಂದ್ರ, ರಕ್ತ ಕಂಡ್ರ, ಮಗ ಉಚ್ಚಿ ಹೋಗೋದು ಕಡಿಮಿ ಮಾಡಿದ್ರ ಸುಮ್ನ ಡಾಕ್ಟರ್ ಹತ್ರ, ಮೆಡಿಕಲ್ ಶಾಪಿನ ಗುಳಿಗಿ ನಂಬ್ಕೊಂಡು ಕುಂದ್ರಬ್ಯಾಡ್ರಿ.

ಬಿಡಬಾರ್ದು ಅನ್ನೋದ್ರಾಗ ನಂದು ಒಂದೇ ಹಟ ಐತಿ, ಎಮ್ಮಿ ಮೊಸರು ಮತ್ತ ಕಿತುಲ್ ಪಾಕ. ಮಿರಿಸ್ಸ ಕಡಿ ದಕ್ಷಿಣದಾಗ ರಸ್ತಿ ದಂಡಿಗಿ ಮಣ್ಣಿನ ಪರಿಯಾಣ ಕಟ್ಟಿ ಇಟ್ಟಿರ್ತಾರ, ಆ ಮೊಸರಿಗಿ ಮೀಕಿರಿ ಅಂತಾರ, ಚಾಕುಲೇ ಕೊಯ್ಯಂಗ ಗಟ್ಟಿ. ಕಿತುಲ್ ಅಂದ್ರ ಬೈನಿ ಮರ, ಅದ್ರ ಹೂಗೊಂಚಲಿನ ನೀರಾ ಕಾಯಿಸಿದ ಪಾಕ, ಕಂದು ಬಣ್ಣ, ಸುಟ್ಟ ವಾಸ್ನಿ. ಸಕ್ರಿ ಪಾಕ ಬೆರೆಸಿ ಮಾರೋರೂ ಅದಾರ, ಬರೀ ಸಿಹಿ ಇದ್ದು ಹೊಗಿ ವಾಸ್ನಿ ಇಲ್ಲಂದ್ರ ಅದು ಖೊಟ್ಟಿ. ಅತ್ತಿಯವ್ರು ಎಮ್ಮಿ ಹಾಲಿನ ಮೊಸರಿನ ಮಂದಿ ತಾನೇ, ಒಂದು ಪರಿಯಾಣ ಖಾಲಿ ಮಾಡ್ಲಿಲ್ಲ ಅಂದ್ರ ನನ್ನ ಕೇಳ್ರಿ. ಊರಿಗಿ ತರೋದಾದ್ರ ಪಾಕದ ಬಾಟಲಿ ದೊಡ್ಡ ಬ್ಯಾಗಿನಾಗ ಇಡ್ರಿ, ಕೈ ಬ್ಯಾಗಿನಾಗ ಇಟ್ರ ಏರ್‌ಪೋರ್ಟ್‌ನಾಗ ಕಸ್ಕೋತಾರ. ಬಳೂಲಹಣ್ಣಿನ ಜ್ಯೂಸೂ ಸಿಗ್ತೈತಿ, ದಿವುಲ್ ಅಂತಾರ, ನಾವು ಸಾಲಿಗಿ ಹೋಗ್ವಾಗ ಕಲ್ಲಿಗಿ ಒಡೆದು ಬೆಲ್ಲ ಹಚ್ಕೊಂಡು ತಿಂತಿದ್ವಲ್ಲ ಅದೇ, ಅದನ್ನ ಅಲ್ಲೆ ಗ್ಲಾಸಿನಾಗ ಮರ್ಯಾದಿಲೇ ಕೊಡ್ತಾರ. ಕ್ಯಾಂಡಿ, ಎಲ್ಲ ಈ ಎರಡೂ ಊರಿನ ಕಡಿ ಚಾ ತೋಟ. 1867ರಾಗ ಕ್ಯಾಂಡಿ ಹತ್ರ ಲೂಲ್‌ಕಂದುರ ಅನ್ನೋ ಕಡಿ ವ್ಯಾಪಾರಕ್ಕಂತ ಮೊದ್ಲು ಬೆಳೆಸಿದ್ದು. ಆದ್ರ ಚಾ ಅಂಗಡಿಯಾಗ ಹಾಲಿನ ಚಾ ಕೇಳಿದ್ರ ಹಾಲಿನ ಪುಡಿದು ಕೊಡ್ತಾರ, ಎಮ್ಮಿ ಹಾಲಿನ ಚಾ ಕುಡಿಯೋರಿಗಿ ಬೇಜಾರಾಗ್ತೈತಿ. ಪ್ಲೇನ್ ಟೀ ಕೇಳ್ರಿ, ಶುಂಠಿ ಹಾಕಿಸ್ರಿ, ಜೋಡಿ ಒಂದು ತುಂಡು ಹಕುರು ಅಂದ್ರ ಬೆಲ್ಲ, ಬೆಲ್ಲ ಕಡ್ಕೊಂತ ಚಾ ಗುಟುಕರಿಸೋದು.

ಇನ್ನ ರೊಟ್ಟಿ. ಅರವತ್ತು ಬ್ಯಾಡ, ಹದಿನೈದು ಒಯ್ರಿ, ಶೇಂಗಾ ಚಟ್ನಿ ಪುಡಿ ಒಂದು ಡಬ್ಬಿ. ಅತ್ತಿಯವ್ರಿಗಿ ಯಾವ್ದಾದ್ರೂ ಒಂದು ಹೊತ್ತು ಅನುಮಾನ ಬಂದ್ರ ರೂಮಿನಾಗ ಮೀಕಿರಿ ಮೊಸರಿನಾಗ ಮುರಿದು ಹಾಕ್ಕೊಂಡು ಉಣ್ಲಿ. ಉಳಿದದ್ದು ಡ್ರೈವರ್‌ಗೆ ಕೊಡ್ರಿ. ಹೋದ ವರ್ಷ ನಮ್ಮ ಡ್ರೈವರ್ ಕಡಕ್ ರೊಟ್ಟಿ ತಿರುಗಿಸಿ ಮುರುಗಿಸಿ ನೋಡಿ, ಇದು ಹಪ್ಪಳಾನಾ ಅಂತ ಕೇಳ್ದ, ಚಟ್ನಿ ಪುಡಿ ಹಚ್ಚಿ ಕೊಟ್ಟೆ, ಎರಡು ತಿಂದು ಮೂರನೇದಕ್ಕ ಕೈ ಹಾಕಿ, "ಚಲೋ ಐತಿ, ಆದ್ರ ಇದಕ್ಕ ಸ್ವಲ್ಪ ಉಂಬಲಕಡ ಹಾಕ್ಬೇಕಿತ್ತು" ಅಂದ.